ಕೆಮ್ಮು, ಏದುಸಿರು, ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ: ವೈರಸ್ ಸೋಂಕೋ, ಆಟೋಇಮ್ಯೂನ್ ಕಾಯಿಲೆಯೋ?

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗ, ಭದ್ರಾವತಿಯ ಯಾವ ಕ್ಲಿನಿಕ್‌ಗೆ ಹೋದರೂ ಕೆಮ್ಮುವವರ ಸಾಲು ಇರುತ್ತದೆ. ಅವರಲ್ಲಿ ಹೆಚ್ಚಿನವರದು ವೈರಸ್ ಸೋಂಕು. ಒಂದೆರಡು ವಾರದಲ್ಲಿ ಇಳಿದುಹೋಗುತ್ತದೆ. ಆದರೆ ಅಪರೂಪಕ್ಕೆ ಆ ಸಾಲಿನಲ್ಲಿ ಬೇರೆಯೇ ಕಾಯಿಲೆಯವರೊಬ್ಬರು ಕುಳಿತಿರುತ್ತಾರೆ. ಅವರ ಶ್ವಾಸಕೋಶವನ್ನು ಹಾಳುಮಾಡುತ್ತಿರುವುದು ಹೊರಗಿನಿಂದ ಬಂದ ವೈರಸ್ ಅಲ್ಲ, ಅವರದೇ ದೇಹದ ರೋಗನಿರೋಧಕ ವ್ಯವಸ್ಥೆ. ಇದನ್ನು ಆಟೋಇಮ್ಯೂನ್ ಶ್ವಾಸಕೋಶ ಕಾಯಿಲೆ ಎನ್ನುತ್ತಾರೆ.

ಎರಡರಲ್ಲೂ ಕೆಮ್ಮು, ಸುಸ್ತು, ಏದುಸಿರು ಇರುತ್ತದೆ. ಎಕ್ಸ್-ರೇ ತೆಗೆದರೆ ಎರಡರಲ್ಲೂ ಎರಡೂ ಕಡೆ ಬಿಳಿ ಮಚ್ಚೆ ಕಾಣಬಹುದು. ಆದರೆ ಚಿಕಿತ್ಸೆ ಬಹುತೇಕ ವಿರುದ್ಧ ದಿಕ್ಕಿನದು. ಒಂದರಲ್ಲಿ ರೋಗನಿರೋಧಕ ಶಕ್ತಿ ತನ್ನ ಕೆಲಸ ಮಾಡಲು ಬಿಡಬೇಕು, ಇನ್ನೊಂದರಲ್ಲಿ ಅದನ್ನೇ ತಗ್ಗಿಸಬೇಕು. ಹಾಗಾಗಿ ಇವೆರಡನ್ನು ಬೇರ್ಪಡಿಸುವುದು ಹೇಗೆ, ರೋಗಿ ಮತ್ತು ಮನೆಯವರು ಅದಕ್ಕೆ ಹೇಗೆ ನೆರವಾಗಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಕ್ಷಿಪ್ತವಾಗಿ

- ವೈರಸ್ ಸೋಂಕು ದಿನಗಳ ಲೆಕ್ಕದಲ್ಲಿ ಏರಿ ಇಳಿಯುತ್ತದೆ. ಆಟೋಇಮ್ಯೂನ್ ಕಾಯಿಲೆ ಸಾಮಾನ್ಯವಾಗಿ ವಾರ, ತಿಂಗಳುಗಳ ಲೆಕ್ಕದಲ್ಲಿ ಬೆಳೆಯುತ್ತದೆ.
- ಆಟೋಇಮ್ಯೂನ್ ಕಾಯಿಲೆಯ ಸುಳಿವು ಹಲವು ಬಾರಿ ಎದೆಯಲ್ಲಲ್ಲ, ಕೈಬೆರಳು, ಕೀಲು, ಚರ್ಮ, ಕಣ್ಣುಗಳಲ್ಲಿ ಸಿಗುತ್ತದೆ.
- ಒಂದೇ ರಕ್ತಪರೀಕ್ಷೆ ಅಥವಾ ಒಂದೇ ಸ್ಕ್ಯಾನ್ ನೋಡಿ ತೀರ್ಮಾನಿಸಲು ಆಗುವುದಿಲ್ಲ.
- ನಮ್ಮ ದೇಶದಲ್ಲಿ ಮೂರನೆಯ ಸಾಧ್ಯತೆಯೊಂದು ಸದಾ ಇದೆ: ಕ್ಷಯ. ಅದನ್ನು ಪರೀಕ್ಷಿಸದೆ ಮುಂದೆ ಹೋಗಬಾರದು.

ಒಳಗೆ ನಡೆಯುವುದೇನು?

ಫ್ಲೂ, ಕೋವಿಡ್, ಆರ್‌ಎಸ್‌ವಿ ಮುಂತಾದ ವೈರಸ್‌ಗಳು ಮೂಗು, ಗಂಟಲಿನ ಮೂಲಕ ಒಳಸೇರಿ ಶ್ವಾಸನಾಳದ ಒಳಪದರದ ಕೋಶಗಳಲ್ಲಿ ವೃದ್ಧಿಯಾಗುತ್ತವೆ. ಕೆಲವರಲ್ಲಿ ಸೋಂಕು ಕೆಳಗಿಳಿದು ಗಾಳಿಚೀಲಗಳಿಗೆ ತಲುಪುತ್ತದೆ. ರೋಗನಿರೋಧಕ ಕೋಶಗಳು ಹೋರಾಡುತ್ತವೆ, ಗಾಳಿಚೀಲಗಳಲ್ಲಿ ದ್ರವ ತುಂಬುತ್ತದೆ. ಇದೇ ವೈರಲ್ ನ್ಯುಮೋನಿಯಾ. ವೈರಸ್ ನಾಶವಾದ ಮೇಲೆ ಹೆಚ್ಚಿನವರಲ್ಲಿ ಉರಿಯೂತ ಇಳಿದು ಶ್ವಾಸಕೋಶ ಸುಧಾರಿಸಿಕೊಳ್ಳುತ್ತದೆ.

ಆಟೋಇಮ್ಯೂನ್ ಕಾಯಿಲೆಯಲ್ಲಿ ಹೋರಾಡಲು ಶತ್ರುವೇ ಇಲ್ಲ. ರೋಗನಿರೋಧಕ ವ್ಯವಸ್ಥೆ ದೇಹದ ಸ್ವಂತ ಅಂಗಾಂಶವನ್ನೇ ಪರಕೀಯವೆಂದು ತಿಳಿದು ದಾಳಿ ಮಾಡುತ್ತದೆ. ರುಮಟಾಯ್ಡ್ ಸಂಧಿವಾತ, ಸ್ಕ್ಲೆರೋಡರ್ಮಾ, ಲೂಪಸ್, ಶೋಗ್ರೆನ್, ಸ್ನಾಯುಗಳ ಉರಿಯೂತವಾದ ಮಯೋಸೈಟಿಸ್ ಇಂತಹ ಕಾಯಿಲೆಗಳು. ಇವು ಕೀಲು, ಚರ್ಮಗಳ ಜೊತೆಗೆ ಶ್ವಾಸಕೋಶವನ್ನೂ ಹಿಡಿಯಬಲ್ಲವು. ಗಾಳಿಚೀಲಗಳ ನಡುವಿನ ತೆಳುಗೋಡೆಯಲ್ಲಿ ಉರಿಯೂತ ಶುರುವಾಗಿ, ಕ್ರಮೇಣ ಅಲ್ಲಿ ಗಾಯದ ಕಲೆಯಂತಹ ಗಟ್ಟಿ ನಾರು ಬೆಳೆಯುತ್ತದೆ. ಇದು ಫೈಬ್ರೋಸಿಸ್. ಉರಿಯೂತವನ್ನು ಔಷಧದಿಂದ ಇಳಿಸಬಹುದು, ಆದರೆ ಒಮ್ಮೆ ಬೆಳೆದ ನಾರನ್ನು ಮತ್ತೆ ಮೃದು ಶ್ವಾಸಕೋಶವಾಗಿಸುವ ಔಷಧ ಇಲ್ಲ. ನಾರು ಹೆಚ್ಚುವ ವೇಗವನ್ನು ತಗ್ಗಿಸುವ ಔಷಧಗಳಷ್ಟೇ ಇವೆ. ತಡವಾದರೆ ಆಗುವ ನಷ್ಟ ಇದೇ.

ವಯಸ್ಕರಲ್ಲಿ ನೂರಕ್ಕೆ ಅರ್ಧದಿಂದ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಈ ರೋಗಿಗಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ತೊಂದರೆ ಕೊಡುವಷ್ಟು ಶ್ವಾಸಕೋಶ ಕಾಯಿಲೆ ಬರುತ್ತದೆ. ಸ್ಕ್ಲೆರೋಡರ್ಮಾದಲ್ಲಂತೂ ಸಾವಿಗೆ ಮುಖ್ಯ ಕಾರಣವೇ ಶ್ವಾಸಕೋಶದ ಹಾನಿ.

ಒಂದು ಉದಾಹರಣೆ

ಜುಲೈ ತಿಂಗಳಲ್ಲಿ ಇಬ್ಬರು ಒಂದೇ ಆಸ್ಪತ್ರೆಗೆ ಬಂದಿದ್ದಾರೆಂದು ಊಹಿಸಿಕೊಳ್ಳಿ.

ಮೊದಲನೆಯವ ಶಿವಮೊಗ್ಗದ ಹಾಸ್ಟೆಲ್‌ನಲ್ಲಿರುವ 20 ವರ್ಷದ ವಿದ್ಯಾರ್ಥಿ. ನಾಲ್ಕು ದಿನದ ಹಿಂದೆ ಗಂಟಲು ನೋವು, ಮಾರನೇ ದಿನ 102 ಡಿಗ್ರಿ ಜ್ವರ, ಮೈಕೈ ನೋವು, ಈಗ ಕೆಮ್ಮು. ರೂಮಿನ ಇನ್ನಿಬ್ಬರಿಗೂ ಹೀಗೇ ಆಗಿದೆ.

ಎರಡನೆಯವರು ಭದ್ರಾವತಿಯ 48 ವರ್ಷದ ಗೃಹಿಣಿ. ಅವರಿಗೆ ಕೆಮ್ಮು ಬಂದದ್ದು ಯಾವಾಗ ಎಂದು ಖಚಿತವಾಗಿ ಹೇಳಲಾಗದು. ಯುಗಾದಿಯ ಹೊತ್ತಿಗೆ ಇತ್ತು. ಕಫ ಇಲ್ಲದ ಒಣ ಕೆಮ್ಮು. ಜ್ವರವಿಲ್ಲ. ಮೊದಲು ಸರಾಗವಾಗಿ ಹತ್ತುತ್ತಿದ್ದ ಮಹಡಿ ಮೆಟ್ಟಿಲನ್ನು ಈಗ ನಡುವೆ ನಿಂತು ಹತ್ತಬೇಕು. ಎರಡು ಸಲ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದಿದೆ, ಪ್ರಯೋಜನವಾಗಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಕೆಮ್ಮಿಲ್ಲ. ಬೆಳಿಗ್ಗೆ ಎದ್ದಾಗ ಬೆರಳುಗಳು ಒಂದು ಗಂಟೆ ಮಡಚಲು ಬರುವುದಿಲ್ಲ. ಆದರೆ ಅದನ್ನವರು ವೈದ್ಯರಿಗೆ ಹೇಳಿಲ್ಲ, ಏಕೆಂದರೆ ತಾವು ಬಂದದ್ದು ಕೆಮ್ಮಿಗೆ.

ಇಬ್ಬರ ಎಕ್ಸ್-ರೇಯಲ್ಲೂ ಕೆಳಭಾಗದಲ್ಲಿ ಮಸುಕು ಇರಬಹುದು. ವ್ಯತ್ಯಾಸ ತಿಳಿಸುವುದು ಎಕ್ಸ್-ರೇ ಅಲ್ಲ, ಅವರು ಹೇಳುವ ಕಥೆ. ಆ ಗೃಹಿಣಿ ಹೇಳದೆ ಬಿಟ್ಟ ಬೆರಳಿನ ಮಾತೇ ಇಲ್ಲಿ ಅತಿ ಮುಖ್ಯ ಸುಳಿವು.

ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು

*1. ಎಷ್ಟು ದಿನದಿಂದ?*

ವೈರಸ್ ಸೋಂಕಿಗೆ ಸಾಮಾನ್ಯವಾಗಿ ಶುರುವಾದ ದಿನ ಗೊತ್ತಿರುತ್ತದೆ. ಜ್ವರ ಮೂರರಿಂದ ಏಳು ದಿನ. ಸೋಂಕು ಹೋದ ಮೇಲೂ ಒಣ ಕೆಮ್ಮು ಮೂರರಿಂದ ಎಂಟು ವಾರ ಉಳಿಯುವುದುಂಟು, ಆದರೆ ಅದು ವಾರದಿಂದ ವಾರಕ್ಕೆ ಇಳಿಮುಖವಾಗಿರಬೇಕು. ಎಂಟು ವಾರ ದಾಟಿದ ಕೆಮ್ಮಿಗೆ, ಇಲ್ಲವೇ ದಿನೇ ದಿನೇ ಹೆಚ್ಚುವ ಏದುಸಿರಿಗೆ, "ವೈರಲ್" ಎಂಬ ಉತ್ತರ ಸಾಲದು. ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

*2. ಸುತ್ತಮುತ್ತ ಬೇರೆ ಯಾರಿಗಿದೆ?*

ವೈರಸ್ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಮನೆ, ಶಾಲೆ, ಕೆಲಸದ ಜಾಗದಲ್ಲಿ ಇನ್ನೂ ಕೆಲವರಿಗೆ ಇದ್ದರೆ ಅತ್ತ ವಾಲಬಹುದು. ಭಾರತದಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ನೊಳಗೆ ಇನ್ನೊಮ್ಮೆ ಏರುತ್ತದೆ. ಆಟೋಇಮ್ಯೂನ್ ಕಾಯಿಲೆ ಯಾರಿಂದಲೂ ಯಾರಿಗೂ ಅಂಟುವುದಿಲ್ಲ.

*3. ಎದೆಯ ಹೊರಗೆ ಏನಿದೆ?*

ಇದು ಎಲ್ಲಕ್ಕಿಂತ ಉಪಯುಕ್ತ ಪ್ರಶ್ನೆ. ಕೆಳಗಿನ ಯಾವುದಾದರೂ ಇದ್ದರೆ ವೈದ್ಯರು ಕೇಳದಿದ್ದರೂ ನೀವೇ ಹೇಳಿ:

- ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆರಳು, ಮಣಿಕಟ್ಟಿನ ಬಿಗಿತ, ಊತ.
- ತಣ್ಣೀರು ಮುಟ್ಟಿದಾಗ ಅಥವಾ ಚಳಿಯಲ್ಲಿ ಬೆರಳು ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುವುದು. ಇದು ರೇನಾಡ್ಸ್ ಲಕ್ಷಣ.
- ಬೆರಳು, ಮುಖದ ಚರ್ಮ ಬಿಗಿಯಾಗುವುದು, ಬಾಯಿ ಅಗಲಿಸಲು ಕಷ್ಟವಾಗುವುದು.
- ಕಣ್ಣಲ್ಲಿ ಮರಳು ಬಿದ್ದಂತೆ ಒಣಗುವುದು, ನೀರಿಲ್ಲದೆ ಒಣ ತಿಂಡಿ ನುಂಗಲಾಗದಷ್ಟು ಬಾಯಿ ಒಣಗುವುದು.
- ಬಿಸಿಲಿಗೆ ಕೆನ್ನೆ ಮೇಲೆ ಕೆಂಪು ದದ್ದು, ಬಾಯಿಹುಣ್ಣು, ಗೊಂಚಲಾಗಿ ಕೂದಲು ಉದುರುವುದು.
- ನೆಲದಿಂದ ಏಳಲು, ತಲೆ ಬಾಚಲು ಕಷ್ಟವಾಗುವಷ್ಟು ತೊಡೆ, ತೋಳಿನ ಸ್ನಾಯು ದುರ್ಬಲವಾಗುವುದು.
- ಮೂತ್ರದಲ್ಲಿ ರಕ್ತ ಅಥವಾ ಹೆಚ್ಚು ನೊರೆ.

ರೇನಾಡ್ಸ್ ಲಕ್ಷಣ ವೈದ್ಯರ ಕೋಣೆಯ ಬೆಚ್ಚಗೆಯಲ್ಲಿ ಕಾಣುವುದೇ ಇಲ್ಲ. ಬೆರಳು ಬಿಳಿಚಿದ ಕ್ಷಣದಲ್ಲೇ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮಯೋಸೈಟಿಸ್‌ನ ಒಂದು ಬಗೆಯಲ್ಲಿ ಬೆರಳಿನ ಪಕ್ಕದ ಚರ್ಮ ದಪ್ಪಗಾಗಿ, ಒರಟಾಗಿ, ಸೀಳು ಬಿಡುತ್ತದೆ. ವೈದ್ಯರು ಇದನ್ನು "ಮೆಕ್ಯಾನಿಕ್ ಕೈ" ಎಂದೇ ಕರೆಯುತ್ತಾರೆ. ಭದ್ರಾವತಿಯಂತಹ ಕಾರ್ಖಾನೆ ಊರಿನಲ್ಲಿ ಇದರಿಂದ ಮೋಸಹೋಗುವುದು ಸುಲಭ. "ಕಬ್ಬಿಣದ ಕೆಲಸ ಮಾಡುವವರ ಕೈ ಹೀಗೇ ಇರುತ್ತದೆ" ಎಂದು ಸುಮ್ಮನಾಗಬಹುದು. ಆದರೆ ಎರಡೂ ಕೈಯಲ್ಲಿ ಹೀಗಿದ್ದು, ಕೆಲಸಕ್ಕೆ ರಜೆ ಹಾಕಿದರೂ ವಾಸಿಯಾಗದೆ, ಜೊತೆಗೆ ಏದುಸಿರೂ ಇದ್ದರೆ ಅದು ಕೆಲಸದ ಗುರುತು ಅಲ್ಲದಿರಬಹುದು.

ಪರೀಕ್ಷೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ಸ್ಟೆತೊಸ್ಕೋಪ್: ನಾರುಗಟ್ಟಿದ ಶ್ವಾಸಕೋಶದ ತಳದಲ್ಲಿ, ಉಸಿರೆಳೆದಾಗ ವೆಲ್ಕ್ರೋ ಪಟ್ಟಿ ಬಿಡಿಸಿದಂತಹ ಸದ್ದು ಕೇಳುತ್ತದೆ. ವೈರಲ್ ನ್ಯುಮೋನಿಯಾದಲ್ಲೂ ಸದ್ದು ಇರುತ್ತದೆ, ಆದರೆ ರೋಗ ಇಳಿದಂತೆ ಅದು ಮಾಯವಾಗುತ್ತದೆ.

ಗಂಟಲು, ಮೂಗಿನ ಸ್ವ್ಯಾಬ್: ಆರ್‌ಟಿ-ಪಿಸಿಆರ್‌ನಲ್ಲಿ ಫ್ಲೂ ಅಥವಾ ಕೋವಿಡ್ ಪಾಸಿಟಿವ್ ಬಂದರೆ ಸೋಂಕಿಗೆ ನೇರ ಸಾಕ್ಷಿ. ನೆಗೆಟಿವ್ ಬಂದರೆ ಮಾತ್ರ ಸೋಂಕು ಇಲ್ಲವೇ ಇಲ್ಲ ಎನ್ನಲಾಗದು. ತಡವಾಗಿ ತೆಗೆದ ಮಾದರಿಯಲ್ಲಿ ವೈರಸ್ ಸಿಗದಿರಬಹುದು.

ಇಎಸ್‌ಆರ್, ಸಿಆರ್‌ಪಿ: ದೇಹದಲ್ಲಿ ಉರಿಯೂತ ಇದೆ ಎಂದಷ್ಟೇ ಹೇಳುತ್ತವೆ, ಏಕೆ ಇದೆ ಎಂದು ಹೇಳುವುದಿಲ್ಲ. ಎರಡೂ ಬಗೆಯ ಕಾಯಿಲೆಯಲ್ಲಿ ಏರುತ್ತವೆ.

ಎಎನ್‌ಎ: ಹೆಚ್ಚು ತಪ್ಪು ತಿಳಿಯಲಾಗುವ ಪರೀಕ್ಷೆ ಇದು. ಪಾಸಿಟಿವ್ ಎಂದ ಕೂಡಲೇ ಲೂಪಸ್ ಎಂದಲ್ಲ. 1997ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ರಕ್ತವನ್ನು 1:40ರಷ್ಟು ತೆಳುಮಾಡಿ ನೋಡಿದಾಗ ಆರೋಗ್ಯವಂತರಲ್ಲೇ ನೂರಕ್ಕೆ ಸುಮಾರು 32 ಮಂದಿ ಪಾಸಿಟಿವ್ ಇದ್ದರು. 1:160ರಲ್ಲಿ ನೂರಕ್ಕೆ 5 ಮಂದಿ. ವೈರಸ್ ಸೋಂಕಿನ ನಂತರವೂ ಇದು ಸ್ವಲ್ಪ ಕಾಲ ಪಾಸಿಟಿವ್ ಆಗಬಹುದು. ಹಾಗಾಗಿ ವರದಿಯಲ್ಲಿ ಬರೀ "ಪಾಸಿಟಿವ್" ನೋಡದೆ ಆ ಅನುಪಾತವನ್ನೂ, ರೋಗಲಕ್ಷಣಗಳನ್ನೂ ಒಟ್ಟಿಗೆ ನೋಡಬೇಕು.

ರುಮಟಾಯ್ಡ್ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ: ಮೊದಲನೆಯದು ವಯಸ್ಸಾದವರಲ್ಲಿ, ಕ್ಷಯ, ಹೆಪಟೈಟಿಸ್-ಸಿ ಇರುವವರಲ್ಲೂ ಪಾಸಿಟಿವ್ ಬರುತ್ತದೆ. ಎರಡನೆಯದು ಹೆಚ್ಚು ನಂಬಲರ್ಹ. ಆದರೂ ಕೆಲವು ಕ್ಷಯರೋಗಿಗಳಲ್ಲಿ ಅದೂ ಪಾಸಿಟಿವ್ ಕಾಣಿಸಿಕೊಂಡಿದೆ.

ಎಚ್‌ಆರ್‌ಸಿಟಿ: ಶ್ವಾಸಕೋಶದ ಸೂಕ್ಷ್ಮ ಚಿತ್ರ. ಮಂಜುಗಾಜಿನಂತಹ ಮಸುಕು ಎರಡರಲ್ಲೂ ಇರುತ್ತದೆ. ಆದರೆ ಬಲೆಯಂತಹ ಗೆರೆಗಳು, ಎಳೆದು ಹಿಗ್ಗಿದ ಶ್ವಾಸನಾಳ, ಜೇನುಗೂಡಿನಂತಹ ರಂಧ್ರಗಳು ಕಂಡರೆ ಅದು ನಾಲ್ಕು ದಿನದ ಕಾಯಿಲೆಯಲ್ಲ, ತಿಂಗಳುಗಳಿಂದ ಬೆಳೆದದ್ದು. ಇಲ್ಲಿ ಹಳೆಯ ಚಿತ್ರಗಳಿಗೆ ಬೆಲೆ ಕಟ್ಟಲಾಗದು. ಎರಡು ವರ್ಷದ ಹಿಂದೆ ಯಾವುದಕ್ಕೋ ತೆಗೆಸಿದ ಎಕ್ಸ್-ರೇಯಲ್ಲೂ ಅದೇ ಮಸುಕು ಇದ್ದರೆ ಪ್ರಶ್ನೆ ಅರ್ಧ ಬಗೆಹರಿದಂತೆ.

ಮೂತ್ರಪರೀಕ್ಷೆ: ಅಗ್ಗದ ಪರೀಕ್ಷೆ, ಆದರೆ ಕೆಮ್ಮಿನ ರೋಗಿಗಳಲ್ಲಿ ಮರೆತುಹೋಗುತ್ತದೆ. ಕೆಮ್ಮಿದಾಗ ರಕ್ತ, ಮೂತ್ರದಲ್ಲೂ ರಕ್ತ, ಹಿಮೋಗ್ಲೋಬಿನ್ ಇಳಿಕೆ, ಈ ಮೂರೂ ಕೂಡಿದರೆ ರಕ್ತನಾಳಗಳ ಆಟೋಇಮ್ಯೂನ್ ಕಾಯಿಲೆಯ ಶಂಕೆ ಮೂಡುತ್ತದೆ. ಇದು ತುರ್ತು ಪರಿಸ್ಥಿತಿ.

ನುರಿತವರನ್ನೂ ಗೊಂದಲಕ್ಕೆ ಕೆಡಹುವ ಸಂದರ್ಭಗಳು

ಮೇಲಿನ ನಿಯಮಗಳಿಗೆ ಅಪವಾದಗಳಿವೆ. ಎಂಡಿಎ5 ಎಂಬ ಪ್ರತಿಕಾಯ ಇರುವ ಚರ್ಮ-ಸ್ನಾಯು ಉರಿಯೂತದಲ್ಲಿ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕೆಡುತ್ತದೆ. ಅದರ ಸ್ಕ್ಯಾನ್ ಕೋವಿಡ್ ನ್ಯುಮೋನಿಯಾವನ್ನು ಹೋಲುತ್ತದೆ. ಬೆರಳಗೆಣ್ಣು, ಅಂಗೈ ಮೇಲಿನ ನೋವಿನ ಹುಣ್ಣುಗಳೇ ಅಲ್ಲಿ ಸುಳಿವು.

ಇನ್ನೊಂದು, ಮೊದಲೇ ಸಂಧಿವಾತ ಇದ್ದು ಮೆಥೋಟ್ರೆಕ್ಸೇಟ್ ನುಂಗುತ್ತಿರುವವರಿಗೆ ಜ್ವರ, ಕೆಮ್ಮು ಬಂದಾಗ. ಇಲ್ಲಿ ಮೂರು ಸಾಧ್ಯತೆಗಳಿವೆ: ಸೋಂಕು, ಮೂಲ ಕಾಯಿಲೆಯೇ ಕೆರಳಿರುವುದು, ಅಥವಾ ಅಪರೂಪಕ್ಕೆ ಔಷಧದಿಂದಲೇ ಶ್ವಾಸಕೋಶದ ಉರಿಯೂತ. ಇಂಥವರು ಕಾಯದೆ ಅದೇ ದಿನ ವೈದ್ಯರನ್ನು ಕಾಣಬೇಕು.

ವೈರಸ್ ಸೋಂಕು ಮುಗಿದ ಮೇಲೂ ಉರಿಯೂತ ಉಳಿದುಕೊಳ್ಳುವುದು ಮತ್ತೊಂದು ಸಂದರ್ಭ. ಕೋವಿಡ್ ನಂತರ ಕೆಲವರಲ್ಲಿ ಹೀಗಾಗಿದ್ದನ್ನು ವೈದ್ಯರು ಕಂಡಿದ್ದಾರೆ. ಶಿವಮೊಗ್ಗದಲ್ಲಿ ಮೊದಲ ಕೋವಿಡ್ ಪ್ರಕರಣಗಳು ವರದಿಯಾದದ್ದು 2020ರ ಮೇ 10ರಂದು, ಅಹಮದಾಬಾದ್‌ನಿಂದ ಮರಳಿದ 8 ಮಂದಿಯಲ್ಲಿ. ಅಂದಿನಿಂದ ಶ್ವಾಸಕೋಶದ ಎಲ್ಲ ತೊಂದರೆಗೂ "ಕೋವಿಡ್ ಆದಮೇಲಿಂದ ಹೀಗೆ" ಎನ್ನುವ ವಿವರಣೆ ಜನರ ಬಾಯಲ್ಲಿ ಸಿದ್ಧವಾಗಿದೆ. ಕೆಲವೊಮ್ಮೆ ಅದು ನಿಜ. ಆದರೆ ತಿಂಗಳುಗಳು ಕಳೆದರೂ ಹೆಚ್ಚುತ್ತಲೇ ಇರುವ ಏದುಸಿರನ್ನು ಹಾಗೆಂದು ಬಿಟ್ಟುಬಿಡಬಾರದು.

ನಮ್ಮ ಊರಿನ ವಿಶೇಷಗಳು

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಎರಕದ ಅಚ್ಚಿನ ಮರಳು, ಕುಲುಮೆಯ ಇಟ್ಟಿಗೆ, ಕಲ್ಲು ಪುಡಿಮಾಡುವ ಕೆಲಸ ಎಲ್ಲೇ ಇರಲಿ, ಅಲ್ಲಿ ಸಿಲಿಕಾ ಧೂಳು ಏಳುವ ಸಾಧ್ಯತೆ ಇರುತ್ತದೆ. ಈ ಧೂಳು ಸಿಲಿಕೋಸಿಸ್ ತರುತ್ತದೆ ಎಂಬುದು ಹಲವರಿಗೆ ಗೊತ್ತು. ಅದು ಆಟೋಇಮ್ಯೂನ್ ಕಾಯಿಲೆಗಳ ಸಂಭವವನ್ನೂ ಹೆಚ್ಚಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಸಂಧಿವಾತವಿದ್ದ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರ ಶ್ವಾಸಕೋಶದಲ್ಲಿ ವಿಶೇಷ ಗಂಟುಗಳಿರುವುದನ್ನು ಆಂಥನಿ ಕ್ಯಾಪ್ಲನ್ 1953ರಲ್ಲಿ ವಿವರಿಸಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಸ್ಕ್ಲೆರೋಡರ್ಮಾ ಹೆಚ್ಚಿರುವುದನ್ನು ಎರಾಸ್ಮಸ್ 1957ರಲ್ಲಿ ಗುರುತಿಸಿದರು. ಕಾರ್ಖಾನೆಯಲ್ಲಿ ದುಡಿದವರಿಗೆಲ್ಲ ಇದು ಬರುತ್ತದೆ ಎಂದಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ ಬಿಟ್ಟ ಕೆಲಸವನ್ನೂ ವೈದ್ಯರಿಗೆ ಹೇಳಬೇಕು. ಬೀಡಿ, ಸಿಗರೇಟು ಕೂಡ ಸಂಧಿವಾತ ಮತ್ತು ಅದರ ಶ್ವಾಸಕೋಶ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತವೆ.

ಮಲೆನಾಡಿನ ತೇವದ ಗೋಡೆಯ ಬೂಷ್ಟು, ಬೂಷ್ಟು ಹಿಡಿದ ಹುಲ್ಲು, ಪಾರಿವಾಳದ ಹಿಕ್ಕೆ ಇವು ಮತ್ತೊಂದು ಕಾಯಿಲೆಗೆ ಕಾರಣವಾಗಬಲ್ಲವು: ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಇದೂ ರೋಗನಿರೋಧಕ ವ್ಯವಸ್ಥೆಯ ಅತಿರೇಕವೇ, ಆದರೆ ಆಟೋಇಮ್ಯೂನ್ ಅಲ್ಲ. ದಾಳಿ ಇರುವುದು ಉಸಿರಿನಲ್ಲಿ ಒಳಹೋದ ಕಣದ ಮೇಲೆ. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ ಶ್ವಾಸಕೋಶದ ತೆಳುಗೋಡೆಯ ಕಾಯಿಲೆ ಇದ್ದ 1,084 ರೋಗಿಗಳನ್ನು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 47.3 ಮಂದಿಗೆ ಇದೇ ಇತ್ತು. ಆಟೋಇಮ್ಯೂನ್ ಸಂಬಂಧಿತ ಕಾಯಿಲೆ ಇದ್ದವರು ಶೇ. 13.9. ಕಾರಣವಾದ ವಸ್ತುವಿನಿಂದ ದೂರವಾಗುವುದೇ ಇದರ ಚಿಕಿತ್ಸೆಯ ಮೊದಲ ಹೆಜ್ಜೆ.

ಜ್ವರವೇ ಪ್ರಧಾನವಾಗಿದ್ದರೆ ಈ ಜಿಲ್ಲೆಯಲ್ಲಿ ಇನ್ನೆರಡು ಹೆಸರು ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ, ಉಣ್ಣೆಯಿಂದ ಹರಡುವ ವೈರಸ್ ರೋಗ, ಒಂದು. ಗದ್ದೆಯ ನೀರಿನಿಂದ ಬರುವ ಇಲಿ ಜ್ವರ ಇನ್ನೊಂದು. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ತೀವ್ರವಾದರೆ ಶ್ವಾಸಕೋಶದಲ್ಲಿ ರಕ್ತಸ್ರಾವ ಮಾಡಬಲ್ಲದು. ಕಾಡಿಗೆ ಹೋಗಿದ್ದರೆ, ಕೆಸರು ಗದ್ದೆಯಲ್ಲಿ ಕೆಲಸ ಮಾಡಿದ್ದರೆ ಹೇಳಿ.

ಸ್ಟೀರಾಯ್ಡ್ ಮಾತ್ರೆ: ಎರಡಲಗಿನ ಕತ್ತಿ

"ಸ್ಟೀರಾಯ್ಡ್ ಕೊಟ್ಟು ನೋಡೋಣ, ಕಡಿಮೆಯಾದರೆ ಆಟೋಇಮ್ಯೂನ್" ಎಂಬ ತರ್ಕ ಅಪಾಯಕಾರಿ. ಸ್ಟೀರಾಯ್ಡ್ ನುಂಗಿದರೆ ಜ್ವರ ಇಳಿದು ಹಸಿವು ಹೆಚ್ಚಿ ಯಾರಿಗೂ ಕೆಲ ದಿನ ಹಿತವೆನಿಸುತ್ತದೆ. ಆದರೆ ಒಳಗೆ ಕ್ಷಯವಿದ್ದರೆ ಅದು ಹರಡಬಹುದು. ಆಟೋಇಮ್ಯೂನ್ ಕಾಯಿಲೆಯಿದ್ದರೆ ಲಕ್ಷಣಗಳು ಮರೆಯಾಗಿ ರೋಗಪತ್ತೆ ಇನ್ನಷ್ಟು ತಡವಾಗಬಹುದು.

ವೈರಸ್ ಸೋಂಕಿನಲ್ಲೂ ಸ್ಟೀರಾಯ್ಡ್‌ಗೆ ಜಾಗವಿದೆ, ಆದರೆ ಕಿರಿದಾದ ಜಾಗ. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಲಾಭವಾಗಲಿಲ್ಲ. 2021ರಲ್ಲಿ ದೇಶದಾದ್ಯಂತ ಕಪ್ಪು ಶಿಲೀಂಧ್ರ ರೋಗ ಕಾಡಿದಾಗ, ಹತೋಟಿ ತಪ್ಪಿದ ಮಧುಮೇಹ ಮತ್ತು ಸ್ಟೀರಾಯ್ಡ್‌ನ ಅತಿ ಬಳಕೆ ಮುಖ್ಯ ಕಾರಣಗಳಾಗಿದ್ದವು. ಫ್ಲೂಗೆ ಇರುವ ಒಸೆಲ್ಟಾಮಿವಿರ್ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ.

ಇನ್ನೊಂದು ಎಚ್ಚರಿಕೆ: ವೈದ್ಯರೇ ಬರೆದುಕೊಟ್ಟ ಸ್ಟೀರಾಯ್ಡ್ ವಾರಗಳಿಂದ ನುಂಗುತ್ತಿದ್ದರೆ ಅದನ್ನು ಹೆದರಿ ಏಕಾಏಕಿ ನಿಲ್ಲಿಸಬೇಡಿ. ಅದೂ ಅಪಾಯ.

ಸಾಮಾನ್ಯ ತಪ್ಪು ತಿಳಿವಳಿಕೆಗಳು

"ಇಮ್ಯೂನಿಟಿ ಕಡಿಮೆಯಾಗಿ ಆಟೋಇಮ್ಯೂನ್ ಬರುತ್ತದೆ." ತಪ್ಪು. ಇದು ಶಕ್ತಿ ಕುಂದಿದ್ದಲ್ಲ, ದಿಕ್ಕು ತಪ್ಪಿದ್ದು. "ಇಮ್ಯೂನಿಟಿ ಬೂಸ್ಟರ್" ಪುಡಿಗಳಿಂದ ಇದು ಗುಣವಾಗುವುದಿಲ್ಲ.

"ಇಷ್ಟು ಕೆಮ್ಮಿದರೆ ಅಂಟುರೋಗವೇ." ತಪ್ಪು. ಕ್ಷಯ ಮತ್ತು ಇತರ ಸೋಂಕು ಇಲ್ಲವೆಂದು ಖಚಿತವಾದ ಮೇಲೆ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುವುದು, ಮದುವೆ ಮನೆಗೆ ಕರೆಯದಿರುವುದು ಈ ರೋಗಿಗಳಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಡುತ್ತದೆ.

"ಆ್ಯಂಟಿಬಯಾಟಿಕ್ ಬದಲಾಯಿಸಿದರೆ ಸರಿಹೋಗುತ್ತದೆ." ಆ್ಯಂಟಿಬಯಾಟಿಕ್ ವೈರಸ್ ಮೇಲೂ ಕೆಲಸ ಮಾಡುವುದಿಲ್ಲ, ಆಟೋಇಮ್ಯೂನ್ ಕಾಯಿಲೆಯ ಮೇಲೂ ಇಲ್ಲ. ಎರಡು ಕೋರ್ಸ್ ಮುಗಿದರೂ ಗುಣ ಕಾಣದಿದ್ದರೆ ಬದಲಿಸಬೇಕಾದದ್ದು ಮಾತ್ರೆಯನ್ನಲ್ಲ, ಪ್ರಶ್ನೆಯನ್ನು.

ನೀವು ಮಾಡಬಹುದಾದದ್ದು

- ಕೆಮ್ಮು ಶುರುವಾದ ದಿನ, ಜ್ವರ ಬಂದ ದಿನಗಳನ್ನು ಬರೆದಿಡಿ.
- ಹಳೆಯ ಎಕ್ಸ್-ರೇ, ಸ್ಕ್ಯಾನ್‌ಗಳನ್ನು ಎಸೆಯಬೇಡಿ. ವರದಿಯ ಹಾಳೆಯ ಜೊತೆ ಚಿತ್ರಗಳನ್ನೂ ಒಯ್ಯಿರಿ.
- ನುಂಗುತ್ತಿರುವ ಎಲ್ಲ ಔಷಧಗಳ ಪಟ್ಟಿ ಮಾಡಿ. ನಾಟಿ ಔಷಧ, ಅಂಗಡಿಯಿಂದ ತಂದ ಮಾತ್ರೆ ಕೂಡ ಸೇರಲಿ.
- ಪಲ್ಸ್ ಆಕ್ಸಿಮೀಟರ್ ಇದ್ದರೆ ಕುಳಿತಾಗ ಒಮ್ಮೆ, ಆರು ನಿಮಿಷ ಮನೆಯೊಳಗೆ ನಡೆದ ಮೇಲೆ ಒಮ್ಮೆ ನೋಡಿ. ನಡೆದಾಗ 3 ಅಂಶಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ. ಕುಳಿತಲ್ಲೇ ಏದುಸಿರಿದ್ದರೆ ಈ ನಡಿಗೆ ಬೇಡ. ಬೆರಳು ತಣ್ಣಗಿದ್ದರೆ ಯಂತ್ರ ತಪ್ಪಾಗಿ ಕಡಿಮೆ ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿಕೊಂಡು ನೋಡಿ.
- ಮೊದಲು ಹತ್ತಿರದ ವೈದ್ಯರು ಅಥವಾ ತಾಲ್ಲೂಕು ಆಸ್ಪತ್ರೆ, ನಂತರ ಮೆಗ್ಗಾನ್ ಬೋಧನಾ ಆಸ್ಪತ್ರೆಯಂತಹ ಕಡೆ ಶ್ವಾಸಕೋಶ ಅಥವಾ ಮೆಡಿಸಿನ್ ವಿಭಾಗ, ಅಗತ್ಯವಿದ್ದರೆ ಕೀಲುವಾತ ತಜ್ಞರು. ಈ ಕಾಯಿಲೆಯನ್ನು ಶ್ವಾಸಕೋಶ ತಜ್ಞ ಮತ್ತು ಕೀಲುವಾತ ತಜ್ಞ ಇಬ್ಬರೂ ಸೇರಿ ನೋಡಿದರೆ ಒಳ್ಳೆಯದು.

ಆಮ್ಲಜನಕ 94ಕ್ಕಿಂತ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಿ. 90 ಅಥವಾ ಅದಕ್ಕಿಂತ ಕೆಳಗಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಕೆಮ್ಮಿನಲ್ಲಿ ರಕ್ತ, ಮಂಪರು ಇದ್ದರೆ 108ಕ್ಕೆ ಕರೆ ಮಾಡಿ. ಆ ಹೊತ್ತಿನಲ್ಲಿ ವೈರಸ್ಸೋ ಆಟೋಇಮ್ಯೂನೋ ಎಂಬ ಪ್ರಶ್ನೆ ಆಮೇಲಿನದು, ಉಸಿರು ಮೊದಲು.

ಕೆಮ್ಮುವವರಲ್ಲಿ ಬಹುಪಾಲು ಜನರಿಗೆ ಇರುವುದು ತಾನಾಗಿ ಹೋಗುವ ಸೋಂಕೇ. ಹಾಗಾಗಿ ಪ್ರತಿ ನೆಗಡಿಗೂ ಎಎನ್‌ಎ, ಸ್ಕ್ಯಾನ್ ಎಂದು ಓಡಬೇಕಿಲ್ಲ. ಇಳಿಯಬೇಕಾದ ಹೊತ್ತಿಗೆ ಕೆಮ್ಮು ಇಳಿಯುತ್ತಿದೆಯೇ ಎಂದು ಗಮನಿಸಿ. ಇಳಿಯದಿದ್ದರೆ ವೈದ್ಯರ ಬಳಿ ಹೋದಾಗ ಎದೆಯ ಮಾತಿನ ಜೊತೆ ನಿಮ್ಮ ಕೈಬೆರಳುಗಳನ್ನೂ ತೋರಿಸಿ.